ದೂರದ ದ್ವೀಪಕ್ಕೆ ಸೌರ, ಗಾಳಿ, ಡೀಸೆಲ್ ಬೆರೆತ ವಿದ್ಯುತ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ಷದ್ವೀಪದಂಥ ಕಡೆಗಳಲ್ಲಿ ಕರೆಂಟು ಹೇಗೆ ಬರುತ್ತದೆ, ಮುಂದೆ ಹೇಗೆ ಬರಬೇಕು ಎಂಬ ಬಗ್ಗೆ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಸ್ಥೆಯವರು ಮತ್ತು ಬರೀ ಕುತೂಹಲಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಅದು ಎಲ್ಲಿ ಬರುತ್ತದೆ ಎಂಬುದು ಓದುವಾಗ ತಾನಾಗಿ ಗೊತ್ತಾಗುತ್ತದೆ.

ಹೈಬ್ರಿಡ್ ವ್ಯವಸ್ಥೆ ಎಂದರೆ ಏನು?

ಒಂದಕ್ಕಿಂತ ಹೆಚ್ಚು ಮೂಲಗಳಿಂದ ಬರುವ ವಿದ್ಯುತ್ತನ್ನು ಒಂದೇ ತಂತಿಜಾಲಕ್ಕೆ ಹರಿಸುವ ವ್ಯವಸ್ಥೆ. ಸಾಮಾನ್ಯವಾಗಿ ಸೌರಫಲಕ, ಗಾಳಿಯಂತ್ರ, ಬ್ಯಾಟರಿ ಮತ್ತು ಡೀಸೆಲ್ ಜನರೇಟರ್ ಇದರಲ್ಲಿ ಇರುತ್ತವೆ. ಹಳ್ಳ, ಝರಿ ಇದ್ದರೆ ಸಣ್ಣ ಜಲವಿದ್ಯುತ್ ಘಟಕವೂ ಸೇರುತ್ತದೆ. ಯಾವುದನ್ನು ಯಾವ ಹೊತ್ತಿನಲ್ಲಿ ಓಡಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸಲು ಒಂದು ನಿಯಂತ್ರಕ ಇರುತ್ತದೆ.

ಡೀಸೆಲ್ ಜನರೇಟರ್ ಹೇಗೂ ನಡೆಯುತ್ತಿದೆಯಲ್ಲ, ಅದನ್ನೇಕೆ ಬದಲಿಸಬೇಕು?

ಡೀಸೆಲ್ ದ್ವೀಪಕ್ಕೆ ನಡೆದುಕೊಂಡು ಬರುವುದಿಲ್ಲ. ಲಕ್ಷದ್ವೀಪದಲ್ಲಿ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ಇವರ ಮನೆಗಳ ದೀಪ ಉರಿಯಬೇಕಾದರೆ ಇಂಧನ ಮುಖ್ಯಭೂಮಿಯಿಂದ ಪೀಪಾಯಿಗಳಲ್ಲಿ ತುಂಬಿಕೊಂಡು, ನಾಡದೋಣಿಯೋ ಬಾರ್ಜೋ ಏರಿ ಇನ್ನೂರು ಮುನ್ನೂರು ಕಿಲೋಮೀಟರ್ ದಾಟಿ ಬರಬೇಕು. ಒಂದು ಲೀಟರ್ ಡೀಸೆಲ್‌ನಿಂದ ಸಿಗುವುದು ಮೂರರಿಂದ ಮೂರೂವರೆ ಯೂನಿಟ್. ಆ ಮೂರು ಯೂನಿಟ್ಟಿನ ಬೆಲೆಯಲ್ಲಿ ಹಡಗಿನ ಬಾಡಿಗೆ, ಹಮಾಲಿ, ಸೋರಿಕೆ, ದಾಸ್ತಾನು ಎಲ್ಲವೂ ಸೇರಿಕೊಳ್ಳುತ್ತವೆ.

ಸೋರಿಕೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹವಳದ್ವೀಪದ ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರ ತೇಲುತ್ತಿರುತ್ತದೆ. ಬಾವಿಗಳಿಗೆ ನೀರು ಬರುವುದು ಅಲ್ಲಿಂದ. ಮರಳು ನೆಲದಲ್ಲಿ ಚೆಲ್ಲಿದ ಡೀಸೆಲ್ ಆ ಪದರಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಯೋಜನೆಯನ್ನು ಎಲ್ಲಿಂದ ಶುರು ಮಾಡಬೇಕು? ಎಷ್ಟು ಫಲಕ ಹಾಕಬೇಕು ಎಂಬಲ್ಲಿಂದಲೇ?

ಅಲ್ಲಿಂದ ಶುರು ಮಾಡುವವರೇ ಹೆಚ್ಚು, ಎಡವುವುದೂ ಅಲ್ಲೇ. ಮೊದಲು ತಿಳಿಯಬೇಕಾದದ್ದು ಜನ ಯಾವ ಹೊತ್ತಿನಲ್ಲಿ ಎಷ್ಟು ವಿದ್ಯುತ್ ಬಳಸುತ್ತಾರೆ ಎಂಬುದು. ಕನಿಷ್ಠ ಒಂದು ವರ್ಷದ, ಗಂಟೆ ಗಂಟೆಯ ದಾಖಲೆ ಬೇಕು. ಜನರೇಟರ್ ಕೋಣೆಯ ದಿನಚರಿ ಪುಸ್ತಕ ಈ ಕೆಲಸಕ್ಕೆ ಚಿನ್ನದಂಥದ್ದು. ಹೊತ್ತು, ಆಂಪಿಯರ್, ಸುಟ್ಟ ಡೀಸೆಲ್, ಯಾವ ಯಂತ್ರ ಯಾವಾಗ ಕೆಟ್ಟಿತು ಎಲ್ಲವನ್ನೂ ಆಪರೇಟರ್ ಅದರಲ್ಲಿ ಪೆನ್ನಿನಿಂದ ಬರೆದಿಟ್ಟಿರುತ್ತಾನೆ. ಸಲಹೆಗಾರರು ಲ್ಯಾಪ್‌ಟಾಪ್ ತೆರೆಯುವ ಮೊದಲು ಆ ಪುಸ್ತಕವನ್ನು ತೆರೆಯುವುದು ಒಳ್ಳೆಯದು.

ಆಮೇಲೆ ಮುಂದಿನ ಹತ್ತು ವರ್ಷಗಳಲ್ಲಿ ಏನೇನು ಬರುತ್ತದೆ ಎಂದು ಊರವರನ್ನೇ ಕೇಳಬೇಕು. ಹವಾನಿಯಂತ್ರಕ, ಇಂಡಕ್ಷನ್ ಒಲೆ, ಮೀನಿಗೆ ಐಸ್ ಘಟಕ, ವಿದ್ಯುತ್ ಸ್ಕೂಟರ್, ಪ್ರವಾಸಿಗಳ ತಂಗುದಾಣ. ಇಪ್ಪತ್ತನಾಲ್ಕು ಗಂಟೆ ಕರೆಂಟು ಸಿಕ್ಕ ಕೂಡಲೇ ಬಳಕೆ ಏರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಉದ್ಘಾಟನೆಯ ದಿನಕ್ಕೇ ಚಿಕ್ಕದಾಗಿಬಿಡುತ್ತದೆ.

ಒಂದು ಲೆಕ್ಕ ಮಾಡಿ ತೋರಿಸಬಹುದೇ?

ಖಂಡಿತ. ಇನ್ನೂರು ಮನೆಗಳ ಒಂದು ದ್ವೀಪವನ್ನು ಕಲ್ಪಿಸಿಕೊಳ್ಳೋಣ. ಮನೆಗೆ ದಿನಕ್ಕೆ 3 ಯೂನಿಟ್ ಎಂದರೆ 600. ಶಾಲೆ, ಆಸ್ಪತ್ರೆ, ನೀರಿನ ಪಂಪು, ಐಸ್ ಘಟಕ, ಬೀದಿದೀಪಕ್ಕೆ ಇನ್ನೊಂದು 400. ಒಟ್ಟು ದಿನಕ್ಕೆ 1,000 ಯೂನಿಟ್.

ನಮ್ಮ ಅಕ್ಷಾಂಶದಲ್ಲಿ ಬಿಸಿಲಿರುವ ದಿನ ಒಂದು ಕಿಲೋವ್ಯಾಟ್ ಫಲಕ ಸುಮಾರು 4 ಯೂನಿಟ್ ಕೊಡುತ್ತದೆ. ಹಾಗಾದರೆ 250 ಕಿಲೋವ್ಯಾಟ್ ಸಾಕು ಎನಿಸುತ್ತದೆ. ಆದರೆ ಬ್ಯಾಟರಿಗೆ ಹೋಗಿ ಬರುವಾಗ ಒಂದಷ್ಟು ನಷ್ಟವಾಗುತ್ತದೆ, ಫಲಕದ ಮೇಲೆ ಉಪ್ಪು ಕೂರುತ್ತದೆ, ವರ್ಷ ಕಳೆದಂತೆ ಫಲಕವೂ ಸೊರಗುತ್ತದೆ. ಆದ್ದರಿಂದ 300 ಇಟ್ಟುಕೊಳ್ಳೋಣ. ಬಳಕೆಯಲ್ಲಿ 550 ಯೂನಿಟ್ ಸಂಜೆಯಿಂದ ಬೆಳಗಿನವರೆಗೆ ಬರುತ್ತದೆ ಎನ್ನಿ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಶೇ. 80ರಷ್ಟು ಮಾತ್ರ ಬಳಸಿದರೆ ಸುಮಾರು 700 ಕಿಲೋವ್ಯಾಟ್-ಗಂಟೆಯ (ಒಂದು ಕಿಲೋವ್ಯಾಟ್-ಗಂಟೆ ಎಂದರೆ ಒಂದು ಯೂನಿಟ್) ಬ್ಯಾಟರಿ ಬೇಕು. ಇಷ್ಟಾದರೆ ಬಿಸಿಲಿನ ದಿನಗಳಲ್ಲಿ ಡೀಸೆಲ್ ಮುಟ್ಟಬೇಕಿಲ್ಲ. ದಿನಕ್ಕೆ ಸುಮಾರು 300 ಲೀಟರ್, ಅಂದರೆ ಒಂದೂವರೆ ಪೀಪಾಯಿ ಉಳಿತಾಯ.

ಈಗ ಮುಂಗಾರು ಬರಲಿ. ಮೋಡ ಕವಿದ ದಿನ ಕಿಲೋವ್ಯಾಟಿಗೆ ಒಂದೂವರೆ ಯೂನಿಟ್ ಸಿಕ್ಕರೆ 300 ಕಿಲೋವ್ಯಾಟ್ ಫಲಕ ಕೊಡುವುದು 450. ಕೊರತೆ 550. ಜನರೇಟರ್ ಓಡಿಸಿದರೆ ಸುಮಾರು 165 ಲೀಟರ್ ಡೀಸೆಲ್‌ಗೆ ಕೆಲಸ ಮುಗಿಯುತ್ತದೆ. ಡೀಸೆಲ್ ಬೇಡವೇ ಬೇಡ, ಮೂರು ದಿನದ ಮೋಡವನ್ನು ಬ್ಯಾಟರಿಯಲ್ಲೇ ದಾಟುತ್ತೇವೆ ಎಂದರೆ ಇನ್ನೂ 1,650 ಯೂನಿಟ್ ಕೂಡಿಡಬೇಕು. ಬ್ಯಾಟರಿಯ ಗಾತ್ರ ನಾಲ್ಕು ಪಟ್ಟಾಗುತ್ತದೆ. ಆ ಹೆಚ್ಚುವರಿ ಬ್ಯಾಟರಿ ವರ್ಷದಲ್ಲಿ ಬಹುಪಾಲು ದಿನ ಸುಮ್ಮನೆ ಕೂತು ಮುದಿಯಾಗುತ್ತದೆ. ಅಲ್ಲದೆ ಜೂನ್‌ನ ಮೋಡ ಮೂರು ದಿನಕ್ಕೆ ಸರಿಯುತ್ತದೆ ಎಂದು ಹೇಳಿದವರು ಯಾರು?

ಹಾಗಾದರೆ ನೂರಕ್ಕೆ ನೂರು ಹಸಿರು ವಿದ್ಯುತ್ ಆಗುವುದೇ ಇಲ್ಲವೇ?

ಆಗುತ್ತದೆ, ಆಗಿಯೂ ಇದೆ. ಅಮೆರಿಕನ್ ಸಮೋವಾದ ತಾಊ ದ್ವೀಪದಲ್ಲಿ 2016ರಲ್ಲಿ 1.4 ಮೆಗಾವ್ಯಾಟ್ ಸೌರಫಲಕ ಮತ್ತು 6 ಮೆಗಾವ್ಯಾಟ್-ಗಂಟೆ ಬ್ಯಾಟರಿ ಕೂರಿಸಿದರು. ಸುಮಾರು ಆರುನೂರು ಜನರ ಆ ದ್ವೀಪ ಮೊದಲು ದಿನಕ್ಕೆ 1,100 ಲೀಟರ್‌ಗೂ ಹೆಚ್ಚು ಡೀಸೆಲ್ ಸುಡುತ್ತಿತ್ತು. ಈಗ ಮೂರು ದಿನ ಬಿಸಿಲಿಲ್ಲದೆಯೂ ಸಾಗಬಲ್ಲಷ್ಟು ಸಂಗ್ರಹ ಅಲ್ಲಿದೆ. ನ್ಯೂಜಿಲೆಂಡಿಗೆ ಸೇರಿದ ಟೊಕೆಲಾವಿನ ಮೂರು ಹವಳದ್ವೀಪಗಳೂ 2012ರಲ್ಲಿ ಬಹುತೇಕ ಸೌರಶಕ್ತಿಗೆ ಹೊರಳಿದವು. ಎರಡರ ಹಿಂದೆಯೂ ದೊಡ್ಡ ದೇಶದ ದುಡ್ಡು ಇತ್ತು ಎಂಬುದನ್ನು ಮರೆಯಬಾರದು.

ನನ್ನ ಮಟ್ಟಿಗೆ ಕೊನೆಯ ಹದಿನೈದು ಇಪ್ಪತ್ತು ಶೇಕಡಾದ ಹಟ ಬಡ ದ್ವೀಪಕ್ಕೆ ಒಳಿತಲ್ಲ. ಎಂಬತ್ತಕ್ಕೆ ನಿಲ್ಲಿಸಿ, ಉಳಿದ ಹಣದಲ್ಲಿ ಪಕ್ಕದ ದ್ವೀಪಕ್ಕೂ ಎಂಬತ್ತು ಮುಟ್ಟಿಸಬಹುದು.

ಸ್ಪೇನಿನ ಎಲ್ ಹಿಯೆರೊ ದ್ವೀಪವನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ನಿಜವಾಗಿ ಏನಾಯಿತು?

ಕ್ಯಾನರಿ ದ್ವೀಪಗಳಲ್ಲಿ ಒಂದಾದ ಎಲ್ ಹಿಯೆರೊದಲ್ಲಿ ಸುಮಾರು ಹನ್ನೊಂದು ಸಾವಿರ ಜನರಿದ್ದಾರೆ. ಗೊರೊನಾ ದೆಲ್ ವಿಯೆಂತೊ ಎಂಬ ಅಲ್ಲಿನ ಘಟಕ 2014ರಲ್ಲಿ ಉದ್ಘಾಟನೆಯಾಯಿತು. ಐದು ಗಾಳಿಯಂತ್ರಗಳು, ಒಟ್ಟು 11.5 ಮೆಗಾವ್ಯಾಟ್. ಗಾಳಿ ಹೆಚ್ಚಾದಾಗ ಆ ವಿದ್ಯುತ್ತಿನಿಂದ ನೀರನ್ನು ಗುಡ್ಡದ ಮೇಲೆ, ತಣ್ಣಗಾದ ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ಕಟ್ಟಿದ ಕೊಳಕ್ಕೆ ಏರಿಸುತ್ತಾರೆ. ಗಾಳಿ ಬಿದ್ದಾಗ ಅದೇ ನೀರು ಸುಮಾರು 650 ಮೀಟರ್ ಕೆಳಗೆ ಧುಮುಕಿ 11.3 ಮೆಗಾವ್ಯಾಟಿನ ಟರ್ಬೈನುಗಳನ್ನು ತಿರುಗಿಸುತ್ತದೆ. ಮಳೆ ಕಡಿಮೆಯಾದ ನೆಲವಾದ್ದರಿಂದ ಕೊಳ ತುಂಬಿಸಲು ಸಮುದ್ರದ ನೀರನ್ನೇ ಸಿಹಿ ಮಾಡಿದರು.

2019ರ ಬೇಸಿಗೆಯಲ್ಲಿ ಸತತ 24 ದಿನ ಒಂದು ಹನಿ ಡೀಸೆಲ್ ಸುಡದೆ ದ್ವೀಪ ನಡೆಯಿತು. ಸುದ್ದಿಯಾದದ್ದು ಇದು. ಅದೇ ವರ್ಷದ ಇಡೀ ಲೆಕ್ಕ ತೆಗೆದರೆ ನವೀಕರಿಸಬಹುದಾದ ಪಾಲು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಕಾರಣ ಕೆಳಗಿನ ಕೊಳದಲ್ಲಿದೆ. ಮೇಲಿನದು ಸುಮಾರು 3,80,000 ಘನಮೀಟರ್ ಹಿಡಿಯಬಲ್ಲದಾದರೂ ಕೆಳಗಿನದು ಹಿಡಿಯುವುದು 1,50,000 ಮಾತ್ರ. ಮೇಲಿನಿಂದ ಬಿಟ್ಟ ನೀರು ಕೆಳಗೆ ನಿಲ್ಲಬೇಕಲ್ಲ! ಅಷ್ಟು ನೀರು 650 ಮೀಟರ್ ಇಳಿದರೆ ಹುಟ್ಟುವುದು ಸರಿಸುಮಾರು 2,25,000 ಯೂನಿಟ್, ಅಂದರೆ ದ್ವೀಪದ ಎರಡು ದಿನದ ಬಳಕೆಗೂ ತುಸು ಕಡಿಮೆ. ಬೇಸಿಗೆಯ ವಾಣಿಜ್ಯ ಮಾರುತ ಬಿಡದೆ ಬೀಸುವಾಗ ಎಲ್ಲವೂ ಸೊಗಸು. ಉಳಿದ ಕಾಲದಲ್ಲಿ ವಾರಗಟ್ಟಲೆ ಗಾಳಿ ಮಂಕಾದರೆ ಡೀಸೆಲ್ಲೇ ಗತಿ.

ಆ ಘಟಕ ಸೋತಿತು ಎಂದು ಇದರ ಅರ್ಥವಲ್ಲ. ಒಳ್ಳೆಯ ತಿಂಗಳಿನ ಅಂಕಿಯನ್ನು ವರ್ಷದ ಅಂಕಿ ಎಂಬಂತೆ ತೋರಿಸುವವರ ಬಗ್ಗೆ ಎಚ್ಚರವಿರಲಿ.

ಮನೆಗೆ ಇಷ್ಟೇ ಕಿಲೋವ್ಯಾಟ್ ಎಂದು ಮಿತಿ ಹಾಕಿದರೆ ಜನ ಒಪ್ಪುತ್ತಾರೆಯೇ?

ಸ್ಕಾಟ್‌ಲೆಂಡಿನ ಐಗ್ ದ್ವೀಪದವರು ಒಪ್ಪಿದ್ದಾರೆ. ಈ ಇಡೀ ವಿಷಯದಲ್ಲಿ ನನಗೆ ಬಲು ಇಷ್ಟವಾದ ಉದಾಹರಣೆ ಅದು. ನೂರರ ಆಸುಪಾಸು ಜನರ ಆ ದ್ವೀಪ ಒಬ್ಬ ಜಮೀನ್ದಾರರಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇತ್ತು. 1997ರಲ್ಲಿ ಊರವರೇ ಸೇರಿ, ಚಂದಾ ಎತ್ತಿ ಅದನ್ನು ಕೊಂಡುಕೊಂಡರು. ಆಗಿನ್ನೂ ಅಲ್ಲಿ ಸಾಮೂಹಿಕ ವಿದ್ಯುತ್ ಇರಲಿಲ್ಲ, ಮನೆ ಮನೆಯಲ್ಲೂ ಡೀಸೆಲ್ ಜನರೇಟರ್ ಗುಡುಗುತ್ತಿತ್ತು. 2008ರ ಫೆಬ್ರವರಿ 1ರಂದು ಜಲ, ಗಾಳಿ, ಸೌರ ಮೂರೂ ಸೇರಿದ ಅವರದೇ ವ್ಯವಸ್ಥೆ ಚಾಲೂ ಆಯಿತು. ಝರಿಗಳಿಂದ ನೂರು ಕಿಲೋವ್ಯಾಟಿಗೂ ಹೆಚ್ಚು, ನಾಲ್ಕು ಸಣ್ಣ ಗಾಳಿಯಂತ್ರಗಳಿಂದ 24 ಕಿಲೋವ್ಯಾಟ್, ಜೊತೆಗೆ ಸೌರಫಲಕ, ಬ್ಯಾಟರಿ, ಮತ್ತು ಆಪತ್ತಿಗೆ ಎರಡು ಡೀಸೆಲ್ ಜನರೇಟರ್. ಬಳಕೆಯ ಶೇ. 90ರ ಆಸುಪಾಸು ನವೀಕರಿಸಬಹುದಾದ ಮೂಲಗಳಿಂದಲೇ ಬರುತ್ತದೆ.

ಅವರ ಜಾಣತನ ಯಂತ್ರಕ್ಕಿಂತ ಕಟ್ಟಳೆಯಲ್ಲಿದೆ. ಮನೆಗೆ ಒಂದು ಸಲಕ್ಕೆ 5 ಕಿಲೋವ್ಯಾಟ್, ಅಂಗಡಿ ಮುಂಗಟ್ಟಿಗೆ 10. ಕೆಟಲ್, ಬಟ್ಟೆ ಒಗೆಯುವ ಯಂತ್ರ, ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಆ ಮನೆಯ ಪೂರೈಕೆ ಕಡಿದುಹೋಗುತ್ತದೆ. ಮತ್ತೆ ಜೋಡಿಸಲು ನಿರ್ವಹಣಾ ತಂಡದವರು ಬರಬೇಕು. ಅವರೂ ಅದೇ ಊರಿನವರೇ, ಆದ್ದರಿಂದ ನಾಚಿಕೆಯೇ ಅರ್ಧ ದಂಡ. ಬಡವನಿಗೂ ಬಲ್ಲಿದನಿಗೂ ಒಂದೇ ಮಿತಿ. ಮಳೆ ಗಾಳಿ ಎರಡೂ ಇಲ್ಲದ ಹೊತ್ತಿನಲ್ಲಿ ಬಳಕೆ ಇಳಿಸಿ ಎಂದು ಸೂಚನೆ ಹೋಗುತ್ತದೆ. ವಿದ್ಯುತ್ ಮಿಕ್ಕಿದಾಗ ಸಭಾಭವನ ಮತ್ತು ಚರ್ಚಿನ ಹೀಟರ್‌ಗಳು ತಾವಾಗಿ ಹೊತ್ತಿಕೊಳ್ಳುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚುವ ಈ ಕ್ರಮದಿಂದ ಉಳಿದ ಬ್ಯಾಟರಿಯ ಖರ್ಚು ಎಷ್ಟೆಂದು ಯೋಚಿಸಿ. ಆದರೆ ಇಂಥ ಮಿತಿ ಊರಿನ ಸಭೆಯಲ್ಲಿ ಹುಟ್ಟಬೇಕು. ದೂರದ ರಾಜಧಾನಿಯ ಕಚೇರಿಯಿಂದ ಸುತ್ತೋಲೆಯಾಗಿ ಬಂದರೆ ಮರುದಿನವೇ ಯಾರೋ ಮೀಟರ್ ದಾಟಿಸಿ ತಂತಿ ಎಳೆದಿರುತ್ತಾರೆ.

ದ್ವೀಪದಲ್ಲಿ ಗಾಳಿಗೇನು ಬರ? ಗಾಳಿಯಂತ್ರಗಳನ್ನೇ ಹೆಚ್ಚು ಹಾಕಬಹುದಲ್ಲ?

ಗಾಳಿ ಇದೆ, ಅದೂ ಸೌರಕ್ಕೆ ಒಳ್ಳೆಯ ಜೋಡಿ. ಅರಬ್ಬೀ ಸಮುದ್ರದಲ್ಲಿ ಬಿಸಿಲು ಮಂಕಾಗುವ ಜೂನ್‌ನಿಂದ ಆಗಸ್ಟ್‌ವರೆಗೇ ನೈಋತ್ಯ ಮಾರುತ ಜೋರಾಗಿ ಬೀಸುತ್ತದೆ. ತೊಡಕು ಇರುವುದು ಯಂತ್ರವನ್ನು ಇಳಿಸುವುದರಲ್ಲಿ. ದೊಡ್ಡ ಗಾಳಿಯಂತ್ರದ ರೆಕ್ಕೆ ಹೊತ್ತ ಹಡಗು ನಿಲ್ಲಲು ತಕ್ಕ ಧಕ್ಕೆ ಬೇಕು, ಎತ್ತಲು ಭಾರೀ ಕ್ರೇನ್ ಬೇಕು, ಆ ಕ್ರೇನ್ ಓಡಾಡಲು ರಸ್ತೆ ಬೇಕು. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ಹವಳದ ನೆಲದಲ್ಲಿ ಬುನಾದಿ ತೋಡುವುದೂ ಸುಲಭವಲ್ಲ. ತೆಂಗಿನ ತೋಟದ ಮೇಲೆ ಸಣ್ಣ ಕಂಬದಲ್ಲಿ ಕೂರಿಸಿದ ಸಣ್ಣ ಯಂತ್ರಕ್ಕೆ ಮರಗಳ ತಲೆಯೇ ಗಾಳಿ ಕದಿಯುತ್ತದೆ.

ಮೇಲಾಗಿ ಚಂಡಮಾರುತದ ಭಯ. 2017ರ ಓಖಿ ಲಕ್ಷದ್ವೀಪವನ್ನು ಹೇಗೆ ಅಲುಗಾಡಿಸಿತು ಎಂಬುದು ನೆನಪಿರಬಹುದು. ಇದಕ್ಕೊಂದು ಉಪಾಯವೆಂದರೆ ಕಂಬವನ್ನು ಬುಡದಲ್ಲಿ ಬಾಗಿಸಿ ನೆಲಕ್ಕೆ ಮಲಗಿಸಬಹುದಾದ ಮಧ್ಯಮ ಗಾತ್ರದ ಯಂತ್ರಗಳು. ಪೆಸಿಫಿಕ್‌ನ ವನವಾಟುವಿನಲ್ಲಿ ಅಂಥವು ಇವೆ. ಮುನ್ಸೂಚನೆ ಬಂದ ಕೂಡಲೇ ಇಳಿಸಿ ಕಟ್ಟಿ, ಮಾರುತ ದಾಟಿದ ಮೇಲೆ ಎಬ್ಬಿಸುತ್ತಾರೆ.

ಜಾಗ ಎಲ್ಲಿದೆ?

ಇದು ಲಕ್ಷದ್ವೀಪದ ಅಸಲಿ ಪ್ರಶ್ನೆ. ಒಂದು ಮೆಗಾವ್ಯಾಟ್ ಸೌರಫಲಕಕ್ಕೆ ನಾಲ್ಕೈದು ಎಕರೆ ಬೇಕು. ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನರಿರುವ ಕಡೆ, ಅದೂ ಪ್ರತಿ ತೆಂಗಿನ ಮರಕ್ಕೂ ಒಡೆಯನಿರುವ ಕಡೆ, ಅಷ್ಟು ನೆಲ ಕೇಳುವುದು ಸಣ್ಣ ಮಾತಲ್ಲ. ಮೊದಲು ಶಾಲೆ, ಆಸ್ಪತ್ರೆ, ಗೋದಾಮು, ಮನೆಗಳ ಚಾವಣಿ ತುಂಬಲಿ. ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿನ ಮೇಲೆ ತೇಲುವ ಫಲಕ ಹಾಕೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಲಗೂನು ಖಾಲಿ ಜಾಗವಲ್ಲ, ಸೂರೆ (ಟ್ಯೂನಾ) ಮೀನು ಹಿಡಿಯಲು ಬಳಸುವ ಸಣ್ಣ ಜೀವಂತ ಮೀನು ಅಲ್ಲಿಂದಲೇ ಬರುತ್ತದೆ. ಹವಳಕ್ಕೂ ಬೆಳಕು ಬೇಕು. ಮೀನುಗಾರರನ್ನು ಕೇಳದೆ ಅಲ್ಲಿ ಒಂದು ಗೂಟವನ್ನೂ ಹೊಡೆಯಬಾರದು.

ಬ್ಯಾಟರಿ ಹಾಕಿದ ಸೌರ ಘಟಕ ಎಂದಮೇಲೆ ರಾತ್ರಿಯೂ ಸೌರ ವಿದ್ಯುತ್ ಎಂದಲ್ಲವೇ?

ಅಲ್ಲದೆಯೂ ಇರಬಹುದು. ಅಂಡಮಾನಿನ ಪೋರ್ಟ್‌ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಬಳಿ 2020ರಲ್ಲಿ 20 ಮೆಗಾವ್ಯಾಟ್ ಸೌರ ಘಟಕಕ್ಕೆ 8 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಜೋಡಿಸಿದರು. ಪೂರ್ಣ ಸಾಮರ್ಥ್ಯದಲ್ಲಿ ಲೆಕ್ಕ ಹಾಕಿದರೆ ಅದು ಇಪ್ಪತ್ತನಾಲ್ಕು ನಿಮಿಷದ ದಾಸ್ತಾನು. ಅಂಥ ಬ್ಯಾಟರಿಯಿಂದ ಆಗುವ ಕೆಲಸವೇ ಬೇರೆ. ಮೋಡವೊಂದು ಹಾದುಹೋದಾಗ ಉತ್ಪಾದನೆ ಥಟ್ಟನೆ ಕುಸಿಯದಂತೆ, ಇನ್ನೊಂದು ಜನರೇಟರ್ ಎದ್ದು ನಿಲ್ಲುವಷ್ಟು ಹೊತ್ತು ಆಸರೆ ಕೊಡುವುದು. ಲಕ್ಷದ್ವೀಪದಲ್ಲಿ ಬ್ಯಾಟರಿ ಸಹಿತವಾದ ಮೊದಲ ಸೌರ ಘಟಕ 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಲೋಕಾರ್ಪಣೆಯಾಯಿತು. ಯಾವುದೇ ಘಟಕದ ಸುದ್ದಿ ಓದಿದರೂ ಬ್ಯಾಟರಿ ಎಷ್ಟು ಗಂಟೆಗೆ ಸಾಕಾಗುತ್ತದೆ ಎಂದು ನೋಡಿ.

ಸೌರಫಲಕ ಹೆಚ್ಚಾದರೆ ಜನರೇಟರ್ ಕೆಡುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಡೀಸೆಲ್ ಎಂಜಿನ್‌ಗೆ ಮೈತುಂಬ ಕೆಲಸವಿದ್ದರೇ ಆರೋಗ್ಯ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಭಾರದಲ್ಲಿ ದಿನಗಟ್ಟಲೆ ಓಡಿದರೆ ಇಂಧನ ಸರಿಯಾಗಿ ಉರಿಯದೆ ಒಳಗೆಲ್ಲ ಮಸಿ ಕಟ್ಟುತ್ತದೆ. ಹಗಲು ಸೌರ ವಿದ್ಯುತ್ ಹೆಚ್ಚಿದಂತೆ ಜನರೇಟರ್ ಪಾಲು ಇಳಿಯುತ್ತಾ ಹೋಗಿ ಈ ಸ್ಥಿತಿ ಬರುತ್ತದೆ. ಎರಡು ದಾರಿ ಇವೆ. ಒಂದು ದೊಡ್ಡ ಜನರೇಟರ್ ಬದಲು ಬೇರೆ ಬೇರೆ ಗಾತ್ರದ ಮೂರು ಇಟ್ಟುಕೊಳ್ಳುವುದು. ಅಥವಾ ಜನರೇಟರ್ ಪೂರ್ತಿ ನಿಂತಾಗಲೂ ವೋಲ್ಟೇಜು, ಆವರ್ತನ ಎರಡನ್ನೂ ತಾನೇ ಹಿಡಿದು ನಿಲ್ಲಿಸಬಲ್ಲ ಇನ್ವರ್ಟರ್ (ಫಲಕ, ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಎಸಿಗೆ ತಿರುಗಿಸುವ ಯಂತ್ರ) ಹಾಕುವುದು. ಪೇಟೆಯ ಮನೆಗಳ ಚಾವಣಿಯ ಸೌರಫಲಕಕ್ಕೆ ಹಾಕುವ ಸಾಮಾನ್ಯ ಇನ್ವರ್ಟರ್‌ಗೆ ಇದು ಸಾಧ್ಯವಿಲ್ಲ, ಗ್ರಿಡ್ ಹೋದರೆ ಅದೂ ಕಣ್ಣು ಮುಚ್ಚುತ್ತದೆ. ಟೆಂಡರ್ ಬರೆಯುವಾಗ ಈ ಒಂದು ಸಾಲು ತಪ್ಪಿದರೆ ಎಷ್ಟೇ ಫಲಕ ಹಾಕಿದರೂ ಜನರೇಟರ್ ನಿಲ್ಲಿಸಲಾಗದು.

ಕುಡಿಯುವ ನೀರಿಗೂ ಇದಕ್ಕೂ ಏನು ಸಂಬಂಧ?

ತುಂಬಾ ಇದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವಿದೆ, ದಿನಕ್ಕೆ ಒಂದು ಲಕ್ಷ ಲೀಟರ್. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣೀರಿನ ಸಹಾಯದಿಂದ ಅದನ್ನು ಮತ್ತೆ ನೀರಾಗಿಸುವ ವಿಧಾನ ಅದು. ಆಮೇಲೆ ಮಿನಿಕಾಯ್, ಅಗತ್ತಿಗಳಲ್ಲೂ ಬಂದಿತು. ಪಂಪುಗಳಿಗೆ ವಿದ್ಯುತ್ ಬೇಕೇ ಬೇಕು.

ಯೋಜಕರಿಗೆ ಇಲ್ಲೊಂದು ಅವಕಾಶವಿದೆ. ತೊಟ್ಟಿಯಲ್ಲಿ ತುಂಬಿಟ್ಟ ನೀರು, ಡಬ್ಬದಲ್ಲಿ ತುಂಬಿಟ್ಟ ಐಸ್ ಎರಡೂ ಕೂಡಿಟ್ಟ ವಿದ್ಯುತ್ತೇ, ಬ್ಯಾಟರಿಗಿಂತ ಎಷ್ಟೋ ಅಗ್ಗ. ಪಂಪು, ಐಸ್ ಘಟಕಗಳನ್ನು ಹಗಲಿನ ಬಿಸಿಲಿಗೆ ಹೊಂದಿಸಿ ಓಡಿಸಿದರೆ ಬ್ಯಾಟರಿ ಚಿಕ್ಕದಾಗುತ್ತದೆ. ಎಲ್ಲ ಬಗೆಯ ಸಿಹಿನೀರಿನ ಘಟಕಗಳೂ ದಿನಾ ನಿಲ್ಲಿಸಿ ನಡೆಸಲು ಒಗ್ಗುವುದಿಲ್ಲ, ಅದನ್ನು ನೋಡಿಕೊಳ್ಳಬೇಕು.

ಕಡಲಡಿಯಲ್ಲಿ ಕೇಬಲ್ ಎಳೆದರೆ ಮುಗಿಯಿತಲ್ಲ?

ದಡಕ್ಕೆ ಹತ್ತಿರವಿದ್ದರೆ ಅದೇ ಸರಿ. ಡೆನ್ಮಾರ್ಕಿನ ಸಾಮ್ಸೊ ದ್ವೀಪದ ಹೆಸರು ಗಾಳಿ ವಿದ್ಯುತ್ತಿನಲ್ಲಿ ದೊಡ್ಡದಾದರೂ ಅದಕ್ಕೆ ಮುಖ್ಯಭೂಮಿಯ ಕೇಬಲ್ ಆಸರೆ ಇದೆ. ಗಾಳಿ ಹೆಚ್ಚಿದಾಗ ಮಾರುತ್ತಾರೆ, ಬಿದ್ದಾಗ ಕೊಳ್ಳುತ್ತಾರೆ. ಆಳ ಸಮುದ್ರದಾಚೆ ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಕೆಲವೇ ಸಾವಿರ ಜನರಿಗೆ ವಿದ್ಯುತ್ ಕೇಬಲ್ ಎಳೆಯುವುದು ಹಣದ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 2024ರಲ್ಲಿ ಬಂದದ್ದು ಇಂಟರ್‌ನೆಟ್ಟಿನ ಆಪ್ಟಿಕಲ್ ಫೈಬರ್. ಅದರಿಂದಲೂ ಉಪಯೋಗವಿದೆ, ಇನ್ವರ್ಟರ್ ಕೆಟ್ಟರೆ ದೂರದ ತಂತ್ರಜ್ಞ ಕೂತಲ್ಲಿಂದಲೇ ನೋಡಬಹುದು.

ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಬಳಸುತ್ತಾರೆ?

ಹೋಮರ್ ಎಂಬುದು ಹೆಚ್ಚು ಬಳಕೆಯಲ್ಲಿದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಸಾವಿರಾರು ಜೋಡಣೆಗಳನ್ನು ವರ್ಷದ 8,760 ಗಂಟೆಗೂ ಓಡಿಸಿ ಅಗ್ಗದ್ದನ್ನು ಆರಿಸಿಕೊಡುತ್ತದೆ. ನೀವು ಕೊಟ್ಟ ಡೀಸೆಲ್ ಬೆಲೆ ತಪ್ಪಿದ್ದರೆ ಅದು ಕೊಡುವ ಉತ್ತರವೂ ಅಷ್ಟೇ ಅಚ್ಚುಕಟ್ಟಾಗಿ ತಪ್ಪಾಗಿರುತ್ತದೆ. ಡೀಸೆಲ್‌ಗೆ ಮುಖ್ಯಭೂಮಿಯ ಪಂಪಿನ ಬೆಲೆ ಹಾಕಬೇಡಿ, ದ್ವೀಪದ ಟ್ಯಾಂಕಿಗೆ ಬಿದ್ದ ಬೆಲೆ ಹಾಕಿ.

ಗ್ರಾಹಕರ ಬಿಲ್ ಕಡಿಮೆಯಾಗುತ್ತದೆಯೇ?

ನಮ್ಮ ದೇಶದ ದ್ವೀಪಗಳಲ್ಲಿ ಹೆಚ್ಚು ಬದಲಾಗದು. ಉತ್ಪಾದನೆಯ ಖರ್ಚಿಗಿಂತ ಬಹಳ ಕಡಿಮೆ ದರಕ್ಕೆ ಈಗಲೂ ವಿದ್ಯುತ್ ಸಿಗುತ್ತದೆ, ವ್ಯತ್ಯಾಸವನ್ನು ಸರ್ಕಾರ ತುಂಬುತ್ತದೆ. ಹಾಗಾಗಿ ಉಳಿತಾಯವಾಗುವುದು ಸರ್ಕಾರದ ಬೊಕ್ಕಸಕ್ಕೆ. ಆ ಉಳಿತಾಯದ ಒಂದು ಪಾಲನ್ನು ದ್ವೀಪದ ನಿರ್ವಹಣಾ ನಿಧಿಗೇ ಕಟ್ಟಿಹಾಕಬೇಕೆಂಬುದು ನನ್ನ ವಾದ. ಹತ್ತು ಹನ್ನೆರಡು ವರ್ಷಕ್ಕೆ ಬ್ಯಾಟರಿ ಬದಲಿಸುವ ಹೊತ್ತಿನಲ್ಲಿ ಹೊಸ ಅನುದಾನಕ್ಕಾಗಿ ಅರ್ಜಿ ಹಿಡಿದು ಅಲೆಯುವಂತಾಗಬಾರದು.

ಉಪ್ಪಿನ ಗಾಳಿಗೆ ಎಷ್ಟು ದಿನ ತಡೆಯುತ್ತದೆ?

ಫಲಕದ ಗಾಜು ತಡೆಯುತ್ತದೆ. ತುಕ್ಕು ಹಿಡಿಯುವುದು ಬೋಲ್ಟು, ಕ್ಲಾಂಪು, ಕೇಬಲ್ ತುದಿ, ಇನ್ವರ್ಟರ್‌ನ ಫ್ಯಾನಿಗೆ. ಸಾಮಾನ್ಯ ಸ್ಟೀಲ್ ಬೋಲ್ಟ್ ಹಾಕಿದ ಚೌಕಟ್ಟಿನ ಬುಡದಲ್ಲಿ ಕೆಲವೇ ತಿಂಗಳಲ್ಲಿ ಕಂದು ನೀರಿನ ಗೆರೆ ಇಳಿದಿರುತ್ತದೆ. ಸಮುದ್ರಕ್ಕೆ ತಾಳುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಮುಚ್ಚಿದ ಕೋಣೆಯಲ್ಲಿ ಇನ್ವರ್ಟರ್, ಸಿಹಿನೀರಿನಲ್ಲಿ ಫಲಕ ತೊಳೆಯುವ ಪದ್ಧತಿ ಇವು ಬೇಕು. ಬಿಡಿಭಾಗಗಳ ಪೆಟ್ಟಿಗೆ ದ್ವೀಪದಲ್ಲೇ ಇರಬೇಕು. ಅದನ್ನು ಬಿಚ್ಚಿ ಜೋಡಿಸಬಲ್ಲ ಇಬ್ಬರು ಮೂವರು ಸ್ಥಳೀಯರು ಸಂಬಳದ ಮೇಲೆ ಇರಬೇಕು.

ಕರ್ನಾಟಕದವರಿಗೆ ಇದರಿಂದ ಏನು?

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಲಕ್ಷದ್ವೀಪಕ್ಕೆ ಹೋಗುತ್ತವೆ. ಇನ್ನು ನಮ್ಮಲ್ಲೇ ರಾಯಚೂರಿನ ಕೃಷ್ಣಾ ನಡುಗಡ್ಡೆಗಳು ಇವೆ, ಹೊಳೆ ತುಂಬಿದರೆ ಅಲ್ಲಿನವರಿಗೆ ಹೊರಗಿನ ಸಂಪರ್ಕವೇ ಕಡಿಯುತ್ತದೆ. ಮಲೆನಾಡಿನ ಒಂಟಿಮನೆಗಳು ಸಹ ಒಂದು ಬಗೆಯ ದ್ವೀಪಗಳೇ. ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಪೈಪ್ ಹಾಕಿ ಒಂದು ಕಿಲೋವ್ಯಾಟಿನ ಸಣ್ಣ ಟರ್ಬೈನ್ ತಿರುಗಿಸುವುದು, ಬೇಸಿಗೆಗೆ ಸೌರಫಲಕ ನೆಚ್ಚುವುದು ಅಲ್ಲಿ ಎಷ್ಟೋ ಮನೆಗಳಿಗೆ ರೂಢಿಯಾಗಿದೆ.

ಹಳೆಯ ಬ್ಯಾಟರಿ ಏನಾಗುತ್ತದೆ?

ವಾಪಸು ಹೋಗಬೇಕು, ಅದೂ ಮಾರಿದವರ ಖರ್ಚಿನಲ್ಲಿ. ಇದನ್ನು ಖರೀದಿಯ ಕರಾರಿನಲ್ಲೇ ಬರೆಯಿಸಿಕೊಳ್ಳಿ. ಸೀಸ-ಆಮ್ಲದ ಬ್ಯಾಟರಿಗೆ ಗುಜರಿಯವರು ಬೆಲೆ ಕೊಡುತ್ತಾರೆ, ಆದರೂ ಒಡೆದ ಪೆಟ್ಟಿಗೆಗಳು ಕರಾವಳಿಯ ಮರಳಿನಲ್ಲಿ ಬಿದ್ದಿರುವುದು ಹೊಸದೇನಲ್ಲ.

ಕೆಲಸ ಯಾವ ತಿಂಗಳಲ್ಲಿ ಆರಂಭಿಸಬೇಕು?

ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಣ್ಣ ಸರಕು ಹಡಗುಗಳು ಲಕ್ಷದ್ವೀಪದತ್ತ ಸುಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಹಡಗಿಗೇ ಚೌಕಟ್ಟು, ಸಿಮೆಂಟು ಹೋಗಬೇಕು, ಡಿಸೆಂಬರ್ ಒಳಗೆ ಫಲಕ ಮತ್ತು ಬ್ಯಾಟರಿ ಇಳಿಯಬೇಕು. ಏಪ್ರಿಲ್ ಮುಗಿಯುವಷ್ಟರಲ್ಲಿ ಪರೀಕ್ಷಾರ್ಥ ಓಡಾಟ ಮುಗಿದಿರಬೇಕು. ಇನ್ವರ್ಟರ್‌ನ ಒಂದು ಕಾರ್ಡು ಮರೆತುಹೋದರೂ ನಾಲ್ಕು ತಿಂಗಳು ಕಾಯಬೇಕಾಗುತ್ತದೆ. ಆದ್ದರಿಂದ ಸಾಮಾನು ಹಡಗೇರುವ ಮೊದಲು ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಒಮ್ಮೆ ಎಲ್ಲವನ್ನೂ ಬಿಚ್ಚಿ, ಜೋಡಿಸಿ, ಓಡಿಸಿ ನೋಡಿ. ಆಮೇಲೆ ಪೆಟ್ಟಿಗೆ ಕಟ್ಟಿ.